ಮಾತ್ರೆ ತಪ್ಪಿದ ಎರಡು ದಿನ

ಬಳೆ ಅಮ್ಮನನ್ನು ನಮ್ಮ ಆಸ್ಪತ್ರೆಗೆ ತಂದದ್ದು ನರಸಿಂಹರಾಜಪುರದಿಂದ ಬರುವ ಬೆಳಗಿನ ಬಸ್ಸು. ಕೊಪ್ಪದ ನಿಲ್ದಾಣಕ್ಕೆ ಹೋಗಬೇಕಾದ ಬಸ್ಸನ್ನು ಡ್ರೈವರ್ ನೇರವಾಗಿ ನಮ್ಮ ಗೇಟಿನೊಳಗೆ ನುಗ್ಗಿಸಿ ನಿಲ್ಲಿಸಿದ್ದ. ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿದ್ದರು. ಒಬ್ಬಾಕೆ ಮೂಗಿಗೆ ಜಜ್ಜಿದ ಈರುಳ್ಳಿ ಹಿಡಿದಿದ್ದಳು, ಇಬ್ಬರು ಕಾಲು ಅದುಮಿದ್ದರು, ಮಗ ಅವರ ಬಲಗೈ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದಿದ್ದ. ಮುಷ್ಟಿಯೊಳಗೆ ಅವರ ಅಂಗಡಿಯ ಕಬ್ಬಿಣದ ಕೀಲಿಕೈ ಇತ್ತು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆ ಎಲ್ಲ ಜಾತಿ, ಎಲ್ಲ ಮತದವರೂ ಜಗಳವಿಲ್ಲದೆ ಒಪ್ಪಿಕೊಂಡಿದ್ದ ಚಿಕಿತ್ಸೆ.

"ಎಲ್ರೂ ಇಳೀರಿ, ಸ್ವಲ್ಪ ಗಾಳಿ ಆಡ್ಲಿ" ಎಂದೆ. ಒಬ್ಬರೂ ಇಳಿಯಲಿಲ್ಲ. ಕಂಡಕ್ಟರ್ ಮಾತ್ರ ಇಳಿದು, "ಬೇಗ ಇಳಿಸ್ಕೊಳ್ಳಿ ಸಿಸ್ಟರೇ, ಶೃಂಗೇರಿ ಟ್ರಿಪ್ಪು ಲೇಟಾಗ್ತದೆ" ಎಂದ.

ನಾವು ಸ್ಟ್ರೆಚರ್ ತರುವಷ್ಟರಲ್ಲಿ ಬಳೆ ಅಮ್ಮ ತಾವೇ ಎದ್ದು ಕೂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದರು. "ಎಂತಕ್ಕೆ ಇಷ್ಟು ಜನ? ಇಲ್ಲೇನು ಮದುವೆ ಉಂಟಾ?" ಎಂದರು. ಮುಖ ಕೆಂಪಗೆ ಉರಿಯುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಅದೇ ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು ಎಂದು ಈರುಳ್ಳಿ ಹಿಡಿದವಳು ಹೇಳಿದಳು. ಆ ಮಾತಿನ ಬೆಲೆ ನಮಗೆ ತಿಳಿದದ್ದು ಆಮೇಲೆ.

ಇದು ಎಂಬತ್ತರ ದಶಕದ ಮೊದಮೊದಲಿನ ಮಾತು. ಆಸ್ಪತ್ರೆಯ ಹೆಸರು ಬೇಡ, ಅದು ಮುಚ್ಚಿಹೋಗಿ ಕಾಲವಾಯಿತು. ಆಗ ಹೇಳಿದ್ದರೆ ನೋಯುತ್ತಿದ್ದವರೂ ಈಗ ಉಳಿದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ, ಅದೂ ಫೋನಿನಲ್ಲಿ, ಒಂದೊಂದೇ ಅಕ್ಷರ ಒತ್ತಿ. ಈ ವಿದ್ಯೆ ಹೋದ ತಿಂಗಳು ಕಲಿತದ್ದು. ಹಾಲು ಕುಡಿಯುವ ಕೂಸಿನ ತಲೆಯ ನರಕ್ಕೂ ಸೂಜಿ ಹಾಕುತ್ತಿದ್ದ ಕೈ ಇದು, ಒತ್ತಕ್ಷರ ಹಾಕುವಾಗ ಮಾತ್ರ ನಡುಗುತ್ತದೆ. ಎಲ್ಲಾದರೂ ಕೊಂಬು ದೀರ್ಘ ಬಿಟ್ಟುಹೋಗಿದ್ದರೆ ನೀವೇ ಹಚ್ಚಿಕೊಂಡು ಓದಿ.

ಬಳೆ ಅಮ್ಮನದು ಕೊಪ್ಪದ ಪೇಟೆಯಲ್ಲಿ ಸಣ್ಣ ಬಳೆ ಅಂಗಡಿ. ಶೃಂಗೇರಿ, ಹರಿಹರಪುರ, ನರಸಿಂಹರಾಜಪುರದ ಮನೆಮನೆಗೂ ಬಳೆಯ ಮಲಾರ ಹೊತ್ತು ಹೋಗುತ್ತಿದ್ದರು. ಮದುವೆಯ ಹೆಣ್ಣಿಗೆ, ಬಸುರಿಗೆ ಅವರೇ ಬಂದು ಬಳೆ ತೊಡಿಸಬೇಕು. ಬೆರಳ ಗಂಟು ಎಷ್ಟೇ ದಪ್ಪ ಇದ್ದರೂ ಮಾತಾಡುತ್ತಾ ಮಾತಾಡುತ್ತಾ ನೋವಾಗದಂತೆ ಬಳೆ ಒಳಗೆ ಜಾರಿಸುವ ಕೈ. ನನ್ನ ಬರಿಗೈ ನೋಡಿ, "ಡ್ಯೂಟಿಯಲ್ಲಿ ಹಾಕ್ಲಿಕ್ಕಿಲ್ಲ ಅಂತಾದ್ರೆ ಅದೆಂತ ಡ್ಯೂಟಿ ಮಾರಾಯ್ತಿ" ಎಂದು ಮೊದಲ ದಿನವೇ ರೇಗಿಸಿದರು. ಗಂಡ ತೀರಿಕೊಂಡಿದ್ದರು. ಮಗ ಅಂಗಡಿ ನೋಡಿಕೊಳ್ಳುತ್ತಿದ್ದ, ಮಗಳನ್ನು ನರಸಿಂಹರಾಜಪುರಕ್ಕೆ ಕೊಟ್ಟಿದ್ದರು.

ಕಾಯಿಲೆ ಶುರುವಾದದ್ದು ಆ ವರ್ಷದ ಮಳೆಗಾಲದಲ್ಲಿ. ಬಳೆ ತೊಡಿಸುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು, ಕೈಕಾಲು ಎರಡು ಸಲ ಅದುರಿದವು, ಎದ್ದು ಕೂತರು. ಮಗ ಹೆದರಿ ದೂರದ ಪೇಟೆಯ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅದು ಫಿಟ್ಸ್ ಎಂದಾಯಿತು. ಕಾರ್ಬಮಜೆಪಿನ್ ಎಂಬ ಮಾತ್ರೆ ಬರೆದುಕೊಟ್ಟರು, ಆಗ ನಮ್ಮ ಕಡೆಗೆ ಹೊಸದು. ಒಂದು ಹೊತ್ತೂ ತಪ್ಪಿಸಬೇಡ, ತಪ್ಪಿಸಿದರೆ ತಾಯಿ ಉಳಿಯುವುದಿಲ್ಲ ಎಂದು ಮಗನಿಗೆ ಎಚ್ಚರಿಕೆ ಕೊಟ್ಟರು. ಅದರಲ್ಲಿ ತಪ್ಪೇನಿಲ್ಲ. ಫಿಟ್ಸ್ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ಒಂದರ ಮೇಲೊಂದು ಬಂದು ಜೀವ ಹೋಗಬಹುದು. ನಾನೂ ನೂರು ಜನರಿಗೆ ಅದೇ ಮಾತು ಹೇಳಿದವಳು, ಈಗಲೂ ಹೇಳುತ್ತೇನೆ.

ಆದರೆ ಮಾತ್ರೆ ಶುರುವಾದ ಮೇಲೆ ಮೂರ್ಛೆ ಹೆಚ್ಚಾಯಿತು. ಮತ್ತೆ ಹೋದಾಗ ಮಾತ್ರೆ ಹೆಚ್ಚಿಸಿದರು. ಮೂರ್ಛೆ ಇನ್ನೂ ಹೆಚ್ಚಾಯಿತು. ಮಗಳ ಮನೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಬಿದ್ದದ್ದು ಎಷ್ಟನೆಯದೋ ಮಗನಿಗೂ ಲೆಕ್ಕ ತಪ್ಪಿತ್ತು.

ನಮ್ಮ ಡಾಕ್ಟರು ಬಯಲುಸೀಮೆಯ ಕಡೆಯವರು, ಓದು ಮುಗಿಸಿ ಹೊಸದಾಗಿ ಬಂದವರು. ಮೀಸೆ ಬೆಳೆಸಿದರೆ ಜನ ಮರ್ಯಾದೆ ಕೊಡುತ್ತಾರೆಂದು ಬೆಳೆಸಿದ್ದರು, ಆದರೂ ಯಾರೂ ಕೊಡುತ್ತಿರಲಿಲ್ಲ. ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಬಸ್ಸಿನಾಗ ಬಿದ್ದಿದ್ರಲ್ಲ, ಆವಾಗ ಪಲ್ಸ್ ಎಷ್ಟಿತ್ತು ಸಿಸ್ಟರ್?"

"ನಾನು ಹತ್ತುವಾಗ ಮಗ ಕೈ ಹಿಡ್ಕೊಂಡಿದ್ದ ಸಾರ್. ಕೀಲಿಕೈ ಇತ್ತು."

"ಅದಕ್ಕೂ ಹಿಂದೆ ಬಿದ್ದಾಗ?"

ಮಗ ಹೇಳಿದ, "ಪ್ರತಿ ಸಲಾನೂ ಕೀಲಿಕೈ ಹಿಡಿಸಿದ್ದೀನಿ ಸಾರ್. ಒಂದು ಸಲಾನೂ ಬಿಟ್ಟಿಲ್ಲ."

ಡಾಕ್ಟರು ಮೀಸೆ ತೀಡಿಕೊಂಡರು. ಇಷ್ಟು ತಿಂಗಳು ಇಷ್ಟು ಸಲ ಬಿದ್ದ ಹೆಂಗಸಿನ ನಾಡಿಯನ್ನು ಬಿದ್ದ ಹೊತ್ತಿನಲ್ಲಿ ಮುಟ್ಟಿ ನೋಡಿದವರು ಒಬ್ಬರೂ ಇರಲಿಲ್ಲ. ಪ್ರತಿ ಸಲವೂ ಯಾರೋ ಪ್ರೀತಿಯಿಂದ ಆ ಮಣಿಕಟ್ಟನ್ನು ಮುಚ್ಚಿ ಹಿಡಿದಿದ್ದರು. ಎಡಗೈಯಲ್ಲಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಡಗೈ ತುಂಬ ಬಳೆ. ಜೊತೆಗೆ ಫಿಟ್ಸ್ ಎಂದು ಒಮ್ಮೆ ಹೆಸರು ಬಿದ್ದ ಮೇಲೆ ನಾಡಿ ಯಾರಿಗೆ ನೆನಪಾಗುತ್ತದೆ.

"ಇನ್ನು ಮುಂದೆ ಬಿದ್ರೆ ಕೀಲಿಕೈ ನನ್ನ ಕೈಯಾಗ ಕೊಡು" ಎಂದರು ಡಾಕ್ಟರು ಮಗನಿಗೆ. "ಅವರ ಕೈ ಸಿಸ್ಟರಿಗೆ ಬಿಟ್ಟುಬಿಡು."

"ಆಯ್ತು ಸಾರ್" ಎಂದ. ಅವನು ಎಲ್ಲದಕ್ಕೂ ಆಯ್ತು ಸಾರ್ ಎನ್ನುವವನು. ನಮ್ಮ ಕಡೆಯ ಜನವೇ ಹಾಗೆ, ಡಾಕ್ಟರ ಎದುರು ನಿಂತು ಇಲ್ಲ ಎಂದರೆ ಮರ್ಯಾದೆ ಅಲ್ಲ.

ನಮ್ಮಲ್ಲಿ ಒಂದು ಇಸಿಜಿ ಯಂತ್ರ ಬಂದು ಕೂತಿತ್ತು. ಯಾರೋ ದಾನ ಕೊಟ್ಟದ್ದು. ಹೃದಯದ ಕರೆಂಟನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಟ್ರಂಕಿನಷ್ಟು ಭಾರ, ಒಂದೇ ಸೂಜಿ, ಆ ಸೂಜಿ ಕಾದು ಮೇಣದ ಕಾಗದವನ್ನು ಸುಟ್ಟು ಗೆರೆ ಎಳೆಯುತ್ತಿತ್ತು. ಬಂದಾಗಿನಿಂದ ಅದನ್ನು ಬಳಸಿದ್ದು ಕಡಿಮೆ. ಹಾಕಿದಾಗೆಲ್ಲ ಗೆರೆಯ ತುಂಬ ಹುಲ್ಲು ಬೆಳೆದ ಹಾಗೆ ನಡುಕ. ಕಟ್ಟಡಕ್ಕೆ ಸರಿಯಾದ ಅರ್ಥಿಂಗ್ ಇರಲಿಲ್ಲ.

ಬಳೆ ಅಮ್ಮ ಬಂದ ಮರುದಿನ ಡಾಕ್ಟರು ತಾವೇ ಪಂಚೆ ಮೇಲೆತ್ತಿ ಕಟ್ಟಿ, ಕಾವಲುಗಾರನ ಜೊತೆ ಹಿತ್ತಲಲ್ಲಿ ಗುಂಡಿ ತೋಡಿದರು. ಅದರಲ್ಲಿ ತಾಮ್ರದ ತಗಡು ಇಟ್ಟು ಇದ್ದಿಲು, ಉಪ್ಪು ಸುರಿದು ನೀರು ಹೊಯ್ದೆವು. ಅಡುಗೆಮನೆಯ ಕಲ್ಲುಪ್ಪು ಪೂರ್ತಿ ಖಾಲಿಯಾಗಿ ಮಧ್ಯಾಹ್ನದ ಸಾರು ಸಪ್ಪೆಯಾಯಿತು. ಬಳೆ ಅಮ್ಮ ಕಿಟಕಿಯಿಂದ ನೋಡಿ, "ಡಾಕ್ಟ್ರು ಉಪ್ಪಿನಕಾಯಿ ಹಾಕ್ತಿದ್ದಾರಾ ಸಿಸ್ಟರೇ? ಮಾವು ಎಲ್ಲಿ?" ಎಂದು ಕೇಳಿದರು.

ಯಂತ್ರದ ತಗಡುಗಳನ್ನು ಮಣಿಕಟ್ಟಿಗೂ ಕಾಲಿಗೂ ರಬ್ಬರ್ ಪಟ್ಟಿಯಿಂದ ಕಟ್ಟಬೇಕು. ಅವರ ಎಡಗೈಯ ಬಳೆಗಳನ್ನು ತೆಗೆಯಲೇಬೇಕಿತ್ತು. ತೆಗೆಯಲು ಒಪ್ಪಲಿಲ್ಲ. "ಬಳೆ ಮಾರುವವಳ ಕೈ ಖಾಲಿ ಇದ್ರೆ ವ್ಯಾಪಾರ ಆಗ್ತದಾ?" ಎಂದು ಜಗಳ. ಕೊನೆಗೆ ಬಳೆಗಳನ್ನೆಲ್ಲ ಮೊಣಕೈವರೆಗೆ ಸರಿಸಿ, ಕೈವಸ್ತ್ರ ಬಿಗಿದು, ಕೆಳಗೆ ತಗಡು ಕಟ್ಟಿದೆ. ಸೂಜಿ ಓಡಿತು, ಮತ್ತೆ ಹುಲ್ಲು. ಡಾಕ್ಟರು ಗುಂಡಿ, ವೈರು, ಪ್ಲಗ್ಗು ಎಲ್ಲ ನೋಡಿ ಬಂದರು. ಆಮೇಲೆ ನೋಡಿದರೆ ಮಗ ಮಂಚದ ಆ ಬದಿಯಲ್ಲಿ ತಾಯಿಯ ಪಾದ ಹಿಡಿದು ನಿಂತಿದ್ದ.

"ಕಾಲು ಬಿಡಪ್ಪಾ."

"ಬಿಟ್ರೆ ಉಮ್ಮ ಹೆದರ್ತಾರೆ ಸಾರ್."

"ಹೆದರೋದು ಇವನೇ" ಎಂದರು ತಾಯಿ. ಅವನು ಕೈ ಬಿಟ್ಟ. ಗೆರೆ ಶುದ್ಧವಾಯಿತು.

ಆ ಗೆರೆ ಓದುವುದನ್ನು ಡಾಕ್ಟರು ನನಗೆ ಕಲಿಸಿದರು. ಮೊದಲು ಒಂದು ಸಣ್ಣ ಗುಡ್ಡ, ಅದು ಹೃದಯದ ಮೇಲಿನ ಕೋಣೆಯ ಕರೆ. ಆಮೇಲೆ ಒಂದು ಎತ್ತರದ ಕಂಬ, ಅದು ಕೆಳಗಿನ ಕೋಣೆಯ ಉತ್ತರ, ರಕ್ತ ತಳ್ಳುವುದು ಅದೇ. ಗುಡ್ಡದ ಶುರುವಿನಿಂದ ಕಂಬದ ಶುರುವಿನವರೆಗೆ ಐದು ಸಣ್ಣ ಚೌಕ ದಾಟಬಾರದು. ಬಳೆ ಅಮ್ಮನದು ಎಂಟು. ಮೇಲಿನವರು ಕರೆದರೂ ಕೆಳಗಿನವರು ತಡಮಾಡಿ ಓಗೊಡುತ್ತಿದ್ದರು.

ಮೂರ್ಛೆಯ ಹೊತ್ತಿನ ಗೆರೆಯೂ ಬೇಕು ಎಂದರು ಡಾಕ್ಟರು. ಹಾಗಾಗಿ ತಗಡು ಕಟ್ಟಿಯೇ ಇಟ್ಟೆವು. ನಾನು ಬೇರೆ ಕೆಲಸದ ನಡುವೆ ಬಂದುಬಂದು ತಗಡಿನ ಕೆಳಗಿನ ಜೆಲ್ಲಿ ಒಣಗದಂತೆ ಹಚ್ಚುತ್ತಿದ್ದೆ. ಒಂದು ಮಧ್ಯಾಹ್ನ ಅವರು ಪಕ್ಕದ ಮಂಚದ ಬಾಣಂತಿಗೆ ಅವಳ ಅತ್ತೆಯ ಅಣಕ ಮಾಡಿ ತೋರಿಸುತ್ತಿದ್ದರು. ಮಾತು ಅರ್ಧದಲ್ಲಿ ನಿಂತಿತು. ನಾನು ಸ್ವಿಚ್ಚು ಒತ್ತಿ ಕೈ ಹಿಡಿದೆ. ನಾಡಿ ಇರಲಿಲ್ಲ. ಮುಖದಿಂದ ಬಣ್ಣ ಇಳಿದುಹೋಯಿತು. ಕಾಗದದ ಮೇಲೆ ಸಣ್ಣ ಗುಡ್ಡಗಳು ಮಾತ್ರ ಒಂದರ ಹಿಂದೊಂದು ಸಾಲಾಗಿ ಬರುತ್ತಿದ್ದವು, ಕಂಬವೇ ಇಲ್ಲ. ಮೇಲಿನವರು ಕೂಗುತ್ತಲೇ ಇದ್ದಾರೆ, ಕೆಳಗಿನ ಮನೆಯಲ್ಲಿ ಯಾರೂ ಇಲ್ಲ. ಆಮೇಲೆ ಕೈಕಾಲು ಅದುರಿದವು. ಡಾಕ್ಟರು ಓಡಿ ಬಂದು ಎದೆಗೆ ಒಂದು ಗುದ್ದು ಗುದ್ದಿ, ಬಡಿತ ಏರಿಸುವ ಅಟ್ರೋಪಿನ್ ಸೂಜಿ ಹಾಕಿದರು. ಅಗಲವಾದ ಸೊಟ್ಟ ಕಂಬವೊಂದು ಎದ್ದಿತು, ಇನ್ನೊಂದು, ಮತ್ತೊಂದು. ಮುಖ ಕೆಂಪೇರಿತು.

"ಯಾರು ನನ್ನ ಎದೆಗೆ ಗುದ್ದಿದ್ದು?" ಎಂದು ಕೇಳಿದರು ಬಳೆ ಅಮ್ಮ.

"ನಾನೇ ಅಮ್ಮಾ" ಎಂದರು ಡಾಕ್ಟರು.

"ಮೀಸೆ ಬಂದ ಮೇಲೆ ಜೋರು ಬಂತಲ್ಲ ನಿಮಗೆ."

ಅದು ಫಿಟ್ಸ್ ಆಗಿರಲೇ ಇಲ್ಲ. ಹೃದಯ ನಿಂತು, ಮಿದುಳಿಗೆ ರಕ್ತ ಹೋಗದೆ ಮೈ ಅದುರುತ್ತಿತ್ತು. ಅದಕ್ಕೆ ಫಿಟ್ಸ್ ಮಾತ್ರೆ ಯಾಕೆ ಕೆಟ್ಟದ್ದು ಎಂದು ನನಗೆ ಹೊಳೆಯಲಿಲ್ಲ. ಮಿದುಳಿನ ಮಾತ್ರೆ ಹೃದಯಕ್ಕೆ ಏನು ಮಾಡೀತು. ಕೇಳಿದೆ.

ಡಾಕ್ಟರು ಕಾಗದವನ್ನು ಮೇಜಿನ ಮೇಲೆ ಹಾಸಿ ಹೇಳಿದರು. "ಮಿದುಳಿಗೆ ಒಂದು ಕರೆಂಟು, ಹೃದಯಕ್ಕೆ ಇನ್ನೊಂದು ಕರೆಂಟು ಅಂತ ಇಲ್ಲ ಸಿಸ್ಟರ್. ಎರಡೂ ಉಪ್ಪಿನ ಕರೆಂಟೇ. ಒಂದೊಂದು ಜೀವಕಣಕ್ಕೂ ಸಣ್ಣ ಸಣ್ಣ ಬಾಗಿಲು ಇರ್ತಾವ. ಬಾಗಿಲು ತೆರೀತು, ಸೋಡಿಯಂ ಒಳಗ ನುಗ್ತು, ಕಿಡಿ ಹುಟ್ತು, ಅದು ಪಕ್ಕದ ಕಣಕ್ಕ ದಾಟ್ತು. ಫಿಟ್ಸಿನಾಗ ಮಿದುಳಿನ ಕಿಡಿ ಹದ್ದು ಮೀರ್ತದ. ಈ ಮಾತ್ರೆ ಬಾಗಿಲಿಗೆ ಅಗಳಿ ಹಾಕ್ತದ. ಒಳ್ಳೇದೇ. ಆದ್ರ ಇದಕ್ಕ ಇದು ಮಿದುಳಿನ ಬಾಗಿಲು, ಇದು ಹೃದಯದ ಬಾಗಿಲು ಅಂತ ಗೊತ್ತಾಗಂಗಿಲ್ಲ. ಗಟ್ಟಿ ಹೃದಯ ಆದ್ರ ತಡ್ಕೊಂತದ. ಇವರಿಗೆ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗೋ ತಂತಿ ಮೊದಲೇ ಸವೆದದ. ಅದಕ್ಕೂ ಅಗಳಿ ಬಿತ್ತು."

"ಹೃದಯಕ್ಕೆ ಇಂಥ ಔಷಧಿ ಯಾರೂ ಕೊಡೋದೇ ಇಲ್ವಾ ಸಾರ್?"

"ಕೊಡ್ತಾರ. ಹೃದಯ ಹುಚ್ಚು ಹಿಡಿದಂಗ ಓಡ್ತಿದ್ರ ಫಿಟ್ಸಿನ ಇನ್ನೊಂದು ಔಷಧಿ ಫೆನಿಟೋಯಿನ್ ನರಕ್ಕ ಕೊಟ್ಟು ತಡೀತಾರ. ಅದನ್ನೂ ಮೆಲ್ಲಕ ಕೊಡಬೇಕು. ಬೇಗ ತಳ್ಳಿದ್ರ ಹೃದಯ ನಿಂತೇಬಿಡ್ತದ. ಓಡೋದನ್ನ ನಿಲ್ಲಿಸೋ ಔಷಧಿ ನಡಿಯೋದನ್ನ ನಿಲ್ಲಿಸಂಗಿಲ್ಲೇನು?"

ಹೀಗೆ ಚಕ್ರ ತಿರುಗುತ್ತಿತ್ತು. ಬಿದ್ದರೆಂದು ಮಾತ್ರೆ, ಮಾತ್ರೆಯಿಂದ ಮತ್ತೆ ಬೀಳುವುದು, ಬಿದ್ದರೆಂದು ಇನ್ನೊಂದು ಮಾತ್ರೆ.

ಇನ್ನು ನಿರ್ಧಾರ ಆಗಬೇಕಿತ್ತು. ಎರಡು ದಾರಿ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿ ಎದೆಯೊಳಗೆ ಪೇಸ್‌ಮೇಕರ್ ಕೂರಿಸುವುದು. ಆದರೆ ಘಟ್ಟದ ದಾರಿಯಲ್ಲಿ ಜೀಪಿನೊಳಗೆ ಹೃದಯ ನಿಂತರೆ ಮಾಡುವುದೇನು. ಇನ್ನೊಂದು, ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿ, ಅದು ಮೈಯಿಂದ ಇಳಿಯುವವರೆಗೆ ಇಲ್ಲೇ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು. ಒಂದು ವೇಳೆ ನಿಜವಾದ ಫಿಟ್ಸೂ ಜೊತೆಗೆ ಇದ್ದಿದ್ದರೆ ಹಾಗೆ ನಿಲ್ಲಿಸಿದ್ದಕ್ಕೆ ಅದು ಕೆರಳಬಹುದು. ಡಾಕ್ಟರು ಒಂದು ಇಡೀ ದಿನ ಯೋಚಿಸಿದರು. ಊಟಕ್ಕೆ ಬರಲಿಲ್ಲ. ಮರುದಿನ, ಫಿಟ್ಸ್ ಬಂದರೆ ಕೊಡಲು ಡಯಾಜೆಪಾಮ್ ಸೂಜಿಯನ್ನು ಟ್ರೇಯಲ್ಲಿ ತಯಾರಿಟ್ಟುಕೊಳ್ಳಲು ನನಗೆ ಹೇಳಿ, ಮಗನನ್ನು ಕರೆದರು.

"ಆ ಮಾತ್ರೆ ಇವತ್ತಿಂದ ಬಂದ್. ಪೂರ್ತಿ ಬಂದ್. ಅದರಿಂದಾನೇ ನಿಮ್ಮ ತಾಯಿಗೆ ಹಿಂಗ ಆಗ್ತಿರೋದು. ತಿಳೀತೇನು?"

"ಆಯ್ತು ಸಾರ್" ಎಂದ ಮಗ.

ಅಂದಿನಿಂದ ಬೆಳಿಗ್ಗೆ ನನ್ನ ಮೊದಲ ಕೆಲಸ ಬಳೆ ಅಮ್ಮನ ಇಸಿಜಿ. ಗೆರೆ ಬಂದ ಕೂಡಲೇ ಉಗುರಿನಿಂದ ಚೌಕ ಎಣಿಸುವುದು. ಮೂರನೆಯ ಬೆಳಿಗ್ಗೆಗೆ ಕಡಿಮೆಯಾಗಬೇಕು ಎಂದಿದ್ದರು ಡಾಕ್ಟರು. ಆಗಲಿಲ್ಲ. ಎಂಟು ಎಂಟೇ. ನಡುವೆ ಇನ್ನೊಂದು ಸಲ ಬಿದ್ದರು. ಡಾಕ್ಟರು ತಮ್ಮ ದಪ್ಪ ಪುಸ್ತಕ ತೆಗೆದು, ಮುಚ್ಚಿ, ಮತ್ತೆ ತೆಗೆದರು. "ವಯಸ್ಸಾದವರ ಮೈಯಿಂದ ತಡವಾಗಿ ಇಳೀತದ" ಎಂದು ನನಗಿಂತ ತಮಗೇ ಹೇಳಿಕೊಂಡರು.

ಮಗ ಹೊತ್ತುಹೊತ್ತಿಗೆ ಮನೆಯಿಂದ ಗಂಜಿ ತರುತ್ತಿದ್ದ. ತಾನೇ ಕಾಯಿಸಿ, ತಾನೇ ಚಮಚದಲ್ಲಿ ಕುಡಿಸುತ್ತಿದ್ದ. "ಇವನ ಗಂಜಿ ಕುಡಿದ್ರೆ ನಾಲಿಗೆ ಕಹಿ. ಮೆಂತೆ ಸುರೀತಾನೆ. ಇವನನ್ನ ಕಟ್ಕೊಳ್ಳುವವಳ ಕಥೆ ಎಂತ ಆಗ್ತದೋ" ಎಂದು ಬಳೆ ಅಮ್ಮ ವಾರ್ಡಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಅವನು ನಾಚಿಕೊಂಡು, "ಕುಡೀರಿ ಉಮ್ಮ" ಎನ್ನುತ್ತಿದ್ದ. ಲೋಟ ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ.

ಆಮೇಲೆ ಅವನು ಅಂಗಡಿಯ ಮಾಲು ತರಲು ಎರಡು ದಿನ ಊರಿಂದ ಹೊರಗೆ ಹೋಗಬೇಕಾಯಿತು. ನರಸಿಂಹರಾಜಪುರದಿಂದ ಮಗಳು ಬಂದು ನಿಂತಳು. ಅವಳು ಗಂಜಿಗೆ ಉಪ್ಪು, ತುಪ್ಪ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. ಎರಡನೆಯ ದಿನದ ಬೆಳಿಗ್ಗೆ ನಾನು ಚೌಕ ಎಣಿಸಿದೆ, ಆರು. ನಂಬಿಕೆ ಬರದೆ ಇನ್ನೊಮ್ಮೆ ಗೆರೆ ಎಳೆದೆ. ಆರೇ. ಡಾಕ್ಟರು ಕಾಗದ ಹಿಡಿದು ಹೆರಿಗೆ ವಾರ್ಡಿನವರೆಗೂ ಹೋಗಿ ತೋರಿಸಿ ಬಂದರು. ಪಾಪ, ಅಲ್ಲಿ ಯಾರಿಗೆ ಅರ್ಥವಾಗಬೇಕು.

ಬಳೆ ಅಮ್ಮ ಆ ದಿನ ಮಂಚದಿಂದ ಇಳಿದು ವರಾಂಡದ ತುದಿಯವರೆಗೆ ನಡೆದರು. ಬಿಸಿಲಿಗೆ ಕೂತು ಮಗಳ ಕೈಯಿಂದ ತಲೆ ಬಾಚಿಸಿಕೊಂಡರು. ಮಗಳು, "ಉಮ್ಮ, ಸುಮ್ನೆ ಕೂತ್ಕೊಳ್ಳಿ" ಎಂದರೂ ಕೇಳದೆ ಬಾಣಂತಿಯ ಕೂಸಿಗೆ ಕರಿಬಳೆ ತೊಡಿಸಿದರು. ನನ್ನನ್ನು ಹಿಡಿದು ಕೂರಿಸಿ, ಡ್ಯೂಟಿ ಮುಗಿದ ಮೇಲೆ ಹಾಕಿಕೋ ಎಂದು ಅಳತೆ ನೋಡಿದರು. ಬೆರಳುಗಳನ್ನು ಒಟ್ಟು ಸೇರಿಸಿ ಮೆತ್ತಗೆ ಒತ್ತಿ, "ಗಟ್ಟಿ ಕೈ. ಸೂಜಿ ಹಾಕಿ ಹಾಕಿ ಹೀಗಾಗಿದೆ. ಪರವಾಗಿಲ್ಲ, ನನ್ನ ಹತ್ರ ಆಗದ ಕೈ ಇಲ್ಲ" ಎಂದರು. ಅವರು ಅಷ್ಟು ಚೆನ್ನಾಗಿದ್ದದ್ದನ್ನು ನಾನು ನೋಡಿದ್ದು ಆ ಎರಡು ದಿನ ಮಾತ್ರ.

ಮಗ ವಾಪಸು ಬಂದ, ಮಗಳು ಊರಿಗೆ ಹೋದಳು. ಮಾರನೆಯ ಬೆಳಿಗ್ಗೆ ಮತ್ತೆ ಎಂಟು. ಅದರ ಮರುದಿನ ಒಂಬತ್ತು ದಾಟಿತು, ನಡುನಡುವೆ ಒಂದೊಂದು ಗುಡ್ಡಕ್ಕೆ ಕಂಬವೇ ಇಲ್ಲ. ಡಾಕ್ಟರ ಮುಖ ಕಪ್ಪಿಟ್ಟಿತು. ಅಂದರೆ ಮಾತ್ರೆಯ ದೋಷವಲ್ಲ, ತಂತಿಯೇ ಪೂರ್ತಿ ಕೆಟ್ಟಿದೆ, ಒಮ್ಮೆ ಹಿಡಿದು ಒಮ್ಮೆ ಬಿಡುತ್ತಿದೆ ಎಂದು ತೀರ್ಮಾನಕ್ಕೆ ಬಂದರು. ಅಷ್ಟು ಮಾತ್ರ ತಿಳಿದ ಯಾರಾದರೂ ಹಾಗೆಯೇ ತೀರ್ಮಾನಿಸುತ್ತಿದ್ದರು. ಕಾಯುವುದು ಬೇಡ, ಘಟ್ಟ ಇಳಿಸೋಣ ಎಂದರು. ಜೀಪು ಗೊತ್ತುಮಾಡಿದೆವು. ನಾನೂ ಜೊತೆಗೆ ಹೋಗುವುದೆಂದಾಯಿತು. ಅಟ್ರೋಪಿನ್, ಸಿರಿಂಜು, ಸ್ಪಿರಿಟ್ಟು ಎಲ್ಲ ಒಂದು ಡಬ್ಬಿಗೆ ತುಂಬಿದೆ.

ಹೊರಡುವ ದಿನ ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿ ಸೀರೆ ಉಡಿಸಿದೆ. ಮಗ ಗಂಜಿ ಕುಡಿಸಿದ. ಜೀಪಿನ ಹಾರನ್ ಕೇಳಿಸಿತು. "ಘಟ್ಟದಲ್ಲಿ ನಂಗೆ ವಾಂತಿ ಬರ್ತದೆ, ನಿಂಬೆಹಣ್ಣು ಇಟ್ಕೊಂಡಿದ್ದೀಯಾ?" ಎಂದು ನನ್ನನ್ನು ಕೇಳಿದರು. ಇಟ್ಟುಕೊಂಡಿದ್ದೇನೆ ಎಂದು ತೋರಿಸಲು ನಾನು ಚೀಲಕ್ಕೆ ಕೈ ಹಾಕಿದೆ. ಕೈ ಹೊರಗೆ ತೆಗೆಯುವಷ್ಟರಲ್ಲಿ ಅವರು ವಾಲಿದ್ದರು.

ಗುದ್ದು, ಸೂಜಿ, ಎದೆ ಒತ್ತುವುದು ಎಲ್ಲ ಆಯಿತು. ಡಾಕ್ಟರು ಮಂಚದ ಮೇಲೆ ಮಂಡಿಯೂರಿ ಒತ್ತುತ್ತಿದ್ದರು, ಬೆವರು ಅವರ ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ನಾನು ಯಂತ್ರ ಹಚ್ಚಿದೆ. ಗುಡ್ಡಗಳು ಬರುತ್ತಿದ್ದವು. ಎಷ್ಟು ಹೊತ್ತು ಬಂದವು ಎಂದರೆ, ನೋಡಲಾಗದೆ ನಾನು ಮುಖ ತಿರುಗಿಸಿದೆ. ಕರೆಯುವುದು ಮಾತ್ರ ನಿಲ್ಲುತ್ತಿಲ್ಲ. ಕೊನೆಗೆ ಗುಡ್ಡಗಳೂ ಸಣ್ಣದಾಗಿ, ದೂರದೂರವಾಗಿ, ಗೆರೆ ನೆಟ್ಟಗಾಯಿತು. ಡಾಕ್ಟರು ಮಂಚದಿಂದ ಇಳಿಯಲು ಮರೆತು ಹಾಗೇ ಕೂತಿದ್ದರು. ನಾನೇ ಕೈ ಹಿಡಿದು ಇಳಿಸಿದೆ.

ಮಗ ಗೋಡೆಗೆ ಒರಗಿ ನಿಂತಿದ್ದ. ಕಾಲು ಹಿಡಿಯಲು ಬರಲಿಲ್ಲ. ಯಂತ್ರ ಓಡುವಾಗ ಮುಟ್ಟಬಾರದು ಎಂದು ಅವನಿಗೆ ಹೇಳಿದ್ದೆವಲ್ಲ.

ಕೆಲವು ದಿನ ಕಳೆದು, ಸಾವಿನ ಕಾಗದ ಪಡೆಯಲು ಅವನು ಬಂದ. ಡಾಕ್ಟರು ಒಳಗೆ ರೋಗಿ ನೋಡುತ್ತಿದ್ದರು, ಬಾಗಿಲು ತೆರೆದಿತ್ತು. ನಾನು ವರಾಂಡದಲ್ಲಿ ಸಿರಿಂಜು ಕುದಿಸುತ್ತಿದ್ದೆ. ಅವನು ಬೆಂಚಿನ ತುದಿಯಲ್ಲಿ ಕೂತ. ಆಮೇಲೆ ಮೆಲ್ಲಗೆ, "ಸಿಸ್ಟರೇ, ಒಂದು ಕೇಳ್ಲಾ" ಎಂದ.

"ಕೇಳು ಮಾರಾಯ."

"ಡಾಕ್ಟ್ರು ಮಾತ್ರೆ ಬೇಡ ಅಂದ್ರು. ನಾನು ಆಯ್ತು ಅಂದೆ. ಆದ್ರೆ ಆ ದೊಡ್ಡ ಡಾಕ್ಟ್ರು ಒಂದು ಹೊತ್ತು ತಪ್ಪಿಸಿದ್ರೂ ಉಮ್ಮ ಉಳಿಯಲ್ಲ ಅಂದಿದ್ರಲ್ಲ. ಇವರು ಹೊಸಬ್ರು, ಸಣ್ಣ ಪ್ರಾಯ. ಹೇಗೆ ಬಿಡ್ಲಿ? ಪುಡಿ ಮಾಡಿ ಗಂಜಿಗೆ ಹಾಕಿ ಕೊಡ್ತಿದ್ದೆ. ಉಮ್ಮನಿಗೂ ಹೇಳಿರ್ಲಿಲ್ಲ, ಅವರ ಬಾಯಲ್ಲಿ ಮಾತು ನಿಲ್ಲಲ್ಲ, ನಿಮಗೆ ಹೇಳಿಬಿಡ್ತಿದ್ರು."

ಒಳಗೆ ಡಾಕ್ಟರ ಮಾತು ನಿಂತದ್ದು ನನಗೆ ಕೇಳಿಸಿತು.

"ನಾನು ಮಾಲಿಗೆ ಹೋದ ಎರಡು ದಿನ ಮಾತ್ರ ತಪ್ಪಿತ್ತು ಸಿಸ್ಟರೇ. ತಂಗಿಗೆ ಹೇಳಿದ್ರೆ ಅವಳು ಹೆದರಿ ನಿಮ್ಮ ಹತ್ರ ಬರ್ತಾಳೆ ಅಂತ ಹೇಳ್ಲಿಲ್ಲ. ಬಂದ ಮೇಲೆ ಆ ಎರಡು ದಿನದ್ದನ್ನೂ ಸೇರಿಸಿ ಸೇರಿಸಿ ಕೊಟ್ಟೆ. ಆದ್ರೂ..." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಆ ಎರಡು ದಿನ ತಪ್ಪಿದ್ದಕ್ಕೇ ಹೋದ್ರಾ ಉಮ್ಮ?"

ಕುದಿಯುವ ನೀರಿನಲ್ಲಿ ಸಿರಿಂಜಿನ ಗಾಜು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿತ್ತು. ನಾನು ಇಕ್ಕಳ ಕೆಳಗಿಟ್ಟೆ. ಡಾಕ್ಟರು ಬಾಗಿಲಿಗೆ ಬಂದು ನಿಂತಿದ್ದರು. ಅವರ ಬಾಯಿ ತೆರೆದಿತ್ತು, ಹೇಳಬೇಕಾದ ಮಾತು ಅಲ್ಲೇ ಇತ್ತು. ನಾನು ಅವರತ್ತ ನೋಡಿ ಬೇಡ ಎಂದು ತಲೆ ಆಡಿಸಿದೆ. ನನ್ನ ನೌಕರಿಯಲ್ಲಿ ಡಾಕ್ಟರನ್ನು ತಡೆದದ್ದು ಅದೊಂದೇ ಸಲ.

"ಅಲ್ಲ ತಮ್ಮಾ" ಎಂದೆ. "ತಪ್ಪಿದ್ದಕ್ಕೆ ಅಲ್ಲ."

"ಖಂಡಿತಾ?"

"ಖಂಡಿತಾ. ಅವರ ಹೃದಯದ ತಂತಿ ಸವೆದಿತ್ತು. ಡಾಕ್ಟ್ರನ್ನೇ ಕೇಳು ಬೇಕಾದ್ರೆ."

ಅವನು ತಿರುಗಿ ನೋಡಿದ. ಡಾಕ್ಟರು ನನ್ನತ್ತ ಒಮ್ಮೆ ನೋಡಿ, "ಹೌದಪ್ಪಾ. ತಂತಿ ಸವೆದಿತ್ತು" ಎಂದರು. ಅವನ ಭುಜ ಇಳಿಯಿತು. ಹೋಗುವ ಮೊದಲು ಹತ್ತಿರ ಬಂದು, "ಎರಡು ದಿನ ನಾನು ತಪ್ಪಿಸಿದ್ದು ತಂಗಿಗೆ ಮಾತ್ರ ಹೇಳ್ಬೇಡಿ ಸಿಸ್ಟರೇ. ಅವಳು ನನ್ನ ಕ್ಷಮಿಸಲ್ಲ" ಎಂದ. ಹೇಳುವುದಿಲ್ಲ ಎಂದೆ. ಉಳಿದ ಮಾತ್ರೆ ಇದ್ದರೆ ತಂದು ನನ್ನ ಕೈಗೇ ಕೊಡು, ಯಾರಿಗೂ ಕೊಡಬೇಡ ಎಂದೆ. ಸಂಜೆಯೇ ತಂದುಕೊಟ್ಟ.

ಡಾಕ್ಟರು ಆ ದಿನ ನನ್ನನ್ನು ಕರೆಯದೆ ಒಬ್ಬರೇ ವಾರ್ಡು ನೋಡಿದರು. ಮರುದಿನ ಬಂದು, "ಹೇಳಬೇಕಿತ್ತು ಸಿಸ್ಟರ್" ಎಂದರು. "ಹೇಳಿ ಅವನನ್ನ ಏನು ಮಾಡ್ತಿದ್ರಿ ಸಾರ್?" ಎಂದೆ. ಆಮೇಲೆ ನಮ್ಮಲ್ಲಿ ಒಂದು ಪದ್ಧತಿ ಬಂತು. ಯಾವುದಾದರೂ ಮಾತ್ರೆ ನಿಲ್ಲಿಸಬೇಕಾದರೆ ನಿಲ್ಲಿಸಿ ಎಂದು ಬಾಯಲ್ಲಿ ಹೇಳಿ ಕಳಿಸುತ್ತಿರಲಿಲ್ಲ. ಮನೆಯಲ್ಲಿರುವ ಮಾತ್ರೆಯನ್ನೆಲ್ಲ ತರಿಸಿ ನಾವೇ ಇಟ್ಟುಕೊಳ್ಳುತ್ತಿದ್ದೆವು. ಯಾರಾದರೂ ಆಯ್ತು ಸಾರ್ ಎಂದ ಕೂಡಲೇ ಡಾಕ್ಟರು, "ಏನು ಆಯ್ತು, ನೀನೇ ಹೇಳು" ಎಂದು ತಿರುಗಿ ಕೇಳುತ್ತಿದ್ದರು. ಜನ ಅವರಿಗೆ ತಲೆ ಸರಿ ಇಲ್ಲ ಎಂದುಕೊಂಡರು.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿಕೊಂಡು ನರಸಿಂಹರಾಜಪುರಕ್ಕೆ ಹಿಂತಿರುಗುವಾಗ ಮಗಳು ಆಸ್ಪತ್ರೆಗೆ ಬಂದಳು. ನಾನು ವಾರ್ಡಿನಲ್ಲಿ ಹಾಸಿಗೆ ಬದಲಿಸುತ್ತಿದ್ದೆ. ತಾಯಿ ಮಲಗುತ್ತಿದ್ದ ಮಂಚದ ಹತ್ತಿರ ಬಂದು ನಿಂತಳು. ಅದರಲ್ಲಿ ಬೇರೆ ಯಾರೋ ಮಲಗಿದ್ದರು.

"ನಾನು ದೂರ ಇದ್ದೆ ಸಿಸ್ಟರೇ. ಎಲ್ಲ ಅಣ್ಣನ ಮೇಲೇ ಬಿತ್ತು" ಎಂದಳು. "ನಿಜ ಹೇಳಿ. ಅವನು ಉಮ್ಮನ್ನ ಸರಿಯಾಗಿ ನೋಡ್ಕೊಂಡ್ನಾ? ಹೊತ್ತುಹೊತ್ತಿಗೆ ಎಲ್ಲ ಕೊಟ್ನಾ?"

ನಾನು ಚಾದರದ ಮೂಲೆ ಹಾಸಿಗೆಯ ಕೆಳಗೆ ಸೇರಿಸುತ್ತಾ ಹೇಳಿದೆ, "ಒಂದು ಹೊತ್ತೂ ತಪ್ಪಿಸಲಿಲ್ಲ ಮಾರಾಯ್ತಿ."